ನೀರಿಗೊಂದು ದಾರಿ, ಬೈಕಿಗೊಂದು ದಾರಿ

ಬೆಳಿಗ್ಗೆ ಎಂಟೂವರೆಗೆ ನಾವು ಬ್ರೌನ್ಸ್ ಕ್ಯಾಂಪ್ ತಲುಪಿದಾಗ ಮಳೆ ಹನಿಯುತ್ತಿತ್ತು. ತೀರ್ಥಹಳ್ಳಿ ಕಡೆ ಹುಟ್ಟಿದವಳಿಗೆ ಅದನ್ನು ಮಳೆ ಅನ್ನಲು ಬಾಯಿ ಬರಲಿಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಉದುರುವ ಸೋನೆ. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಅರ್ಧ ಗಂಟೆಯಲ್ಲಿ ಮೈಯೆಲ್ಲ ಒದ್ದೆ. ಕಲ್ಲುಪುಡಿ ಹಾಸಿದ ಬಯಲಿನಲ್ಲಿ ಹತ್ತೋ ಹನ್ನೆರಡೋ ಪಿಕಪ್ ಟ್ರಕ್ಕುಗಳು ನಿಂತಿದ್ದವು. ಬೈಕುಗಳ ಆರ್ಭಟ ಕೇಳಬೇಕಾಗುತ್ತದೆ ಅಂತ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದೆ. ಟ್ರಕ್ಕುಗಳ ಹಿಂಬದಿಯಿಂದ ಇಳಿಯುತ್ತಿದ್ದದ್ದು ಗುದ್ದಲಿ, ಹಾರೆ, ಬಕೆಟ್ಟು.

"ಬೈಕೆಲ್ಲೋ?" ಅಂದೆ ತಂಗಿಯ ಮಗನಿಗೆ.

"ಇವತ್ತು ಬೈಕಿಲ್ಲ ದೊಡ್ಡಮ್ಮ. ಇವತ್ತು ಬರೀ ಮಣ್ಣು. ನೀವು ಆ ಬೂಟು ಹಾಕ್ಕೊಳ್ಳಿ ಮೊದಲು."

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಿಂದ ಪಶ್ಚಿಮಕ್ಕೆ, ಪೆಸಿಫಿಕ್ ಕರಾವಳಿಯ ಕಡೆ ಹೋಗುವ 6ನೇ ಹೆದ್ದಾರಿ ಒಂದು ಘಟ್ಟ ಹತ್ತಿ ಇಳಿಯುತ್ತದೆ. ಆ ಘಟ್ಟವನ್ನು ಹೊದ್ದುಕೊಂಡಿರುವುದೇ ಟಿಲ್ಲಮೂಕ್ ರಾಜ್ಯ ಅರಣ್ಯ. ಸುಮಾರು ಮೂರೂವರೆ ಲಕ್ಷ ಎಕರೆ. ಚಿಪ್ ಕಾರ್ಖಾನೆಗಳ ಊರಾದ ಹಿಲ್ಸ್‌ಬರೊದಿಂದ ಒಂದು ಗಂಟೆಯ ಹಾದಿ ಇಲ್ಲ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ಸಮುದ್ರ ನೋಡಲು, ಟಿಲ್ಲಮೂಕ್ ಊರಿನ ಹೆಸರಾಂತ ಚೀಸ್ ತಿನ್ನಲು ಹೋಗುವಾಗ ಈ ಕಾಡನ್ನು ಕಿಟಕಿಯಿಂದ ನೋಡಿ ದಾಟುತ್ತಾರೆ. ನನ್ನ ತಂಗಿಯೂ ಹಾಗೇ ದಾಟಿದವಳು. ಅವಳ ಮಗ ಮಾತ್ರ ಇಪ್ಪತ್ತನೇ ವಯಸ್ಸಿಗೆ ಒಂದು ಹಳೆಯ ಡರ್ಟ್ ಬೈಕ್ ಕೊಂಡು ಈ ಕಾಡಿನೊಳಕ್ಕೆ ಹೊಕ್ಕ. ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಬ್ರೌನ್ಸ್ ಕ್ಯಾಂಪ್, ಜೋರ್ಡನ್ ಕ್ರೀಕ್, ಡೈಮಂಡ್ ಮಿಲ್ ಎಂಬ ಕಡೆ ಬೈಕು, ನಾಲ್ಕು ಚಕ್ರದ ಎಟಿವಿ, ಜೀಪು ಓಡಿಸಲೆಂದೇ ಬಿಟ್ಟುಕೊಟ್ಟ ಮಣ್ಣುದಾರಿಗಳಿವೆ. ಅವುಗಳಲ್ಲಿ ಒಂದು ದಾರಿ ಬಹಳ ದಿನದಿಂದ ಮುಚ್ಚಿತ್ತು. ಮಾರ್ಚ್ ತಿಂಗಳ ಆ ಶನಿವಾರ ಅದನ್ನು ತೆರೆಯುವ ಕೆಲಸ.

ಕೆಲಸಕ್ಕೆ ಮೊದಲು ಒಂದು ಹಾಳೆಗೆ ಸಹಿ. ಹೆಸರು, ಬಂದ ಹೊತ್ತು. ಹೋಗುವ ಹೊತ್ತಿನ ಕಾಲಂ ಖಾಲಿ. ಪ್ಲಾಸ್ಟಿಕ್ ಹೊದಿಕೆಯೊಳಗೆ ಕೈ ತೂರಿಸಿ ಬರೆಯಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತದೆ. ಅರಣ್ಯ ಇಲಾಖೆಯ ಹುಡುಗಿ ಹೆಲ್ಮೆಟ್ಟು, ಕೈಗವಸು ಹಂಚಿ ಹತ್ತು ನಿಮಿಷ ಮಾತಾಡಿದಳು. ಗರಗಸ ಮುಟ್ಟುವವರು ಪರೀಕ್ಷೆ ಪಾಸಾದವರು ಮಾತ್ರ. ಗುದ್ದಲಿ ಎತ್ತುವಾಗ ಪಕ್ಕದವರಿಗೂ ನಿಮಗೂ ನಡುವೆ ಎರಡು ಗುದ್ದಲಿಯಷ್ಟು ಜಾಗ ಇರಲಿ. ಕಣಜದ ಗೂಡು ಕಂಡರೆ ಕೂಗಿ.

ಹತ್ಯಾರಗಳ ರಾಶಿಯಿಂದ ಹುಡುಗ ನನಗೊಂದು ಆರಿಸಿ ಕೊಟ್ಟ. ಅಗಲ ಎಲೆಯ ಗುದ್ದಲಿಯ ಬೆನ್ನಿಗೆ ಕಬ್ಬಿಣದ ಹಲ್ಲಿನ ಕುಂಟೆ ಬೆಸೆದ ಹಾಗಿತ್ತು. ಹೆಸರು ಮೆಕ್‌ಲೌಡ್. ಅವನದು ಪುಲಾಸ್ಕಿ: ಒಂದು ಬದಿ ಕೊಡಲಿ, ಇನ್ನೊಂದು ಬದಿ ಕಿರಿದಾದ ಗುದ್ದಲಿ. 1910ರಲ್ಲಿ ಐಡಾಹೊ ರಾಜ್ಯದ ಮಹಾಕಾಡ್ಗಿಚ್ಚಿನಲ್ಲಿ ತನ್ನ ಆಳುಗಳನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ, ಬಹುಪಾಲು ಜನರನ್ನು ಉಳಿಸಿದ ಎಡ್ ಪುಲಾಸ್ಕಿ ಎಂಬ ಅರಣ್ಯ ನೌಕರನ ಹೆಸರು ಅದಕ್ಕೆ. ಎರಡೂ ಬೆಂಕಿ ಆರಿಸುವವರ ಹತ್ಯಾರಗಳೇ. ಈ ಕಾಡಿಗೆ ಅವು ಯಾಕೆ ಒಗ್ಗುತ್ತವೆ ಅನ್ನುವುದು ಅರ್ಧ ಮೈಲಿ ನಡೆದ ಮೇಲೆ ತಿಳಿಯಿತು.

ಸುಟ್ಟ ಕಾಡು, ನೆಟ್ಟ ಕಾಡು

ದಾರಿ ಡಗ್ಲಸ್ ಫರ್ ಮರಗಳ ನಡುವೆ ಏರುತ್ತದೆ. ಬುಡದಲ್ಲಿ ಮೊಣಕಾಲೆತ್ತರದ ಜರಿಗಿಡ, ಕೊಂಬೆಗಳಿಗೆ ಹಸಿರು ಪಾಚಿಯ ಗಡ್ಡ, ಅಲ್ಲಲ್ಲಿ ಮೂರೇ ಎಸಳಿನ ಬಿಳಿ ಟ್ರಿಲಿಯಂ ಹೂವು. ಮಲೆನಾಡಿನ ಕಣ್ಣಿಗೆ ಒಂದು ವಿಷಯ ಕೂಡಲೇ ಕುಟುಕುತ್ತದೆ: ಎಷ್ಟೊಂದು ಮರಗಳು ಒಂದೇ ವಾರಿಗೆಯವು! ಒಂದೇ ದಪ್ಪ, ಒಂದೇ ಎತ್ತರ. ಕಾಡು ಅಂದರೆ ಅಜ್ಜ, ಮಗ, ಮೊಮ್ಮಗ ಎಲ್ಲ ಒಟ್ಟಿಗೆ ಇರಬೇಕಲ್ಲ? ಇದು ಒಂದೇ ತರಗತಿಯ ಮಕ್ಕಳು ಸಾಲಾಗಿ ನಿಂತ ಹಾಗಿತ್ತು.

ಅಜ್ಜ ಸಿಕ್ಕಿದ್ದು ತಿರುವಿನಲ್ಲಿ. ನಾಲ್ಕಾಳು ತೋಳು ಚಾಚಿದರೂ ತಬ್ಬಲಾಗದ ಒಂದು ಬೊಡ್ಡೆ. ಹಳೆಯ ಕಾಲದ ಮರಕಡಿಯುವವರು ಹಲಗೆ ಸಿಕ್ಕಿಸಿ ನಿಲ್ಲಲು ಕೊರೆದ ಗೂಡುಗಳು ಅದರ ಎರಡು ಬದಿಗೂ ಕಣ್ಣಿನ ಹಾಗೆ ಕಾಣುತ್ತಿದ್ದವು. ಒಳಮೈಗೆ ಕೈ ಆಡಿಸಿದೆ. ಇಷ್ಟು ವರ್ಷದ ಮಳೆಯಲ್ಲಿ ತೊಯ್ದಿದ್ದರೂ ಬೆರಳಿಗೆ ಮಸಿ ಹತ್ತಿತು.

ಆ ಮಸಿ 1933ರಿಂದ ಆಚೆಗೆ ಈ ಬೆಟ್ಟಗಳನ್ನು ಮತ್ತೆ ಮತ್ತೆ ಮೇಯ್ದ ಬೆಂಕಿಯದು. ಆ ವರ್ಷದ ಆಗಸ್ಟ್ 14ರಂದು, ಒಣಹವೆಯ ದಿನ, ಗೇಲ್ಸ್ ಕ್ರೀಕ್ ಕಣಿವೆಯಲ್ಲಿ ದಿಮ್ಮಿ ಎಳೆಯುವ ಕೆಲಸ ನಡೆದಿತ್ತು. ಒಣ ಮರಕ್ಕೆ ಉಜ್ಜಿ ಕಿಡಿ ಹಾರಿತು ಎಂದು ಇಲ್ಲಿಯ ಜನ ಹೇಳುತ್ತಾರೆ. 2.4 ಲಕ್ಷ ಎಕರೆ ಹೋಯಿತು. 1939ರಲ್ಲಿ ಮತ್ತೆ ಹತ್ತಿತು, 1945ರಲ್ಲಿ ಮತ್ತೆ, 1951ರಲ್ಲಿ ಮತ್ತೆ. ಆರಾರು ವರ್ಷಕ್ಕೊಮ್ಮೆ ತಪ್ಪದೆ ಬಂದದ್ದರಿಂದ ಊರವರು ಇದನ್ನು ಆರು ವರ್ಷದ ಶನಿ ಎಂಬಂತೆ ಮಾತಾಡಿಕೊಂಡರು. ಒಟ್ಟು 3.55 ಲಕ್ಷ ಎಕರೆ ಕರಕಲಾಗಿ, ಬೂದು ಬಣ್ಣದ ಒಣ ಕಂಬಗಳ ಬಯಲಾಯಿತು.

ಆ ಒಣ ಕಂಬಗಳೇ ಮುಂದಿನ ಬೆಂಕಿಗೆ ಬತ್ತಿ. ಅದಕ್ಕೆ ಇಲಾಖೆ ಗುಡ್ಡದ ನೆತ್ತಿಗುಂಟ ಅವನ್ನೆಲ್ಲ ಉರುಳಿಸಿ ಅಗಲವಾದ ಬೆಂಕಿರೇಖೆಗಳನ್ನು ತೆಗೆಯಿತು, ಬಂಡಿ ಹೋಗಲು ರಸ್ತೆ ಕಡಿಯಿತು. 1948ರಲ್ಲಿ ರಾಜ್ಯದ ಮತದಾರರು ಕೂದಲೆಳೆಯ ಅಂತರದಲ್ಲಿ, ಕಾಡು ನೆಡಲು ಸಾಲ ಎತ್ತುವುದಕ್ಕೆ ಒಪ್ಪಿದರು. 1949ರಿಂದ 1973ರವರೆಗೆ ಕೈಯಿಂದ ನೆಟ್ಟ ಸಸಿಗಳು 7.2 ಕೋಟಿ. ಕೂಲಿಯವರು ನೆಟ್ಟರು, ಸೌತ್ ಫೋರ್ಕ್ ಎಂಬಲ್ಲಿ 1951ರಲ್ಲಿ ತೆರೆದ ಶಿಬಿರದ ಕೈದಿಗಳು ನೆಟ್ಟರು, ಬಸ್ಸಿನಲ್ಲಿ ಬಂದ ಶಾಲೆಯ ಮಕ್ಕಳು ನೆಟ್ಟರು. ಕಾಲಿಡಲಾಗದ ಇಳಿಜಾರಿಗೆ ಹೆಲಿಕಾಪ್ಟರ್‌ನಿಂದ ಬೀಜ ಎರಚಿದರು. 1973ರಲ್ಲಿ ಗವರ್ನರ್ ಟಾಮ್ ಮೆಕಾಲ್ ಇದಕ್ಕೆ ಟಿಲ್ಲಮೂಕ್ ರಾಜ್ಯ ಅರಣ್ಯ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಇದು ಜನರ ಬಾಯಲ್ಲಿ ಬರೀ 'ಬರ್ನ್', ಅಂದರೆ ಸುಟ್ಟದ್ದು.

ಬೈಕಿನವರೂ ಜೀಪಿನವರೂ ಇಲ್ಲಿಗೆ ಬಂದದ್ದು ಆ ಸುಟ್ಟ ಕಾಲದಲ್ಲೇ. ಬೋಳು ಗುಡ್ಡ, ಬೇಕಾದಷ್ಟು ಬೆಂಕಿರೇಖೆ, ಬೇಡ ಅನ್ನುವವರು ಯಾರೂ ಇಲ್ಲ. ಇಂದಿಗೂ ಇಲ್ಲೊಂದು ಕಡಿದಾದ ಜೀಪು ದಾರಿಯ ಹೆಸರು 'ಫೈರ್‌ಬ್ರೇಕ್ ಫೈವ್', ಐದನೇ ಬೆಂಕಿರೇಖೆ. ಸಸಿಗಳು ಮರವಾದವು, ಹೊಳೆಗಳಿಗೆ ಮೀನು ಮರಳಿತು, ನಡೆಯುವವರೂ ಕುದುರೆಯವರೂ ಬಂದರು. ಮನಸ್ಸು ಬಂದಲ್ಲಿ ಚಕ್ರ ಓಡಿಸುವುದು ಇನ್ನು ನಡೆಯುವಂತಿರಲಿಲ್ಲ. 1990ರ ದಶಕದಲ್ಲಿ ಯಾವ ದಾರಿ ಯಾರಿಗೆ ಎಂದು ಪಾಲಾಯಿತು. ಹೆದ್ದಾರಿಯ ಉತ್ತರಕ್ಕೆ ಎಲ್ಕ್ ಮೌಂಟನ್, ಕಿಂಗ್ಸ್ ಮೌಂಟನ್ನಿನ ಕಡೆ ನಡಿಗೆಯವರು. ಬೈಕಿನವರಿಗೆ ಹೆಚ್ಚು ಪಾಲು ದಕ್ಷಿಣದಲ್ಲಿ.

ನೀರಿನ ಪಾಠ

ಮುಚ್ಚಿದ್ದ ದಾರಿಯ ಬಾಯಿಗೆ ಬಂದೆವು. ಅಡ್ಡಗಟ್ಟಿದ ದಿಮ್ಮಿ, ಅದರ ಮೇಲೆ ಫಲಕ. ಇಲ್ಲಿ ಮುಚ್ಚಲು ಕಾರಣ ಬೆಂಕಿಯಲ್ಲ, ಕೊಯ್ಲು. ಇದು ರಾಷ್ಟ್ರೀಯ ಉದ್ಯಾನವಲ್ಲ, ದುಡಿಯುವ ಕಾಡು. ನೆಟ್ಟ ಮರ ಬೆಳೆದಾಗ ಹರಾಜಾಗುತ್ತದೆ, ಬಂದ ಹಣದ ಹೆಚ್ಚಿನ ಪಾಲು ಆಯಾ ಕೌಂಟಿಗಳ ಶಾಲೆ, ರಸ್ತೆಗಳಂಥ ಖರ್ಚಿಗೆ ಹೋಗುತ್ತದೆ. ಲಾರಿ ಓಡಾಡುವಷ್ಟು ದಿನ ದಾರಿ ಬಂದ್. ಆಮೇಲೆ ಚಳಿಗಾಲದ ಗಾಳಿ ಬೇರೆ. ಈ ಕರಾವಳಿಯ ಗಾಳಿ ಅಂದರೆ ಸುಮ್ಮನಲ್ಲ; 2007ರ ಡಿಸೆಂಬರ್ ಮೊದಲ ವಾರದ ಬಿರುಗಾಳಿ ಇಲ್ಲಿಯ ಕಾಡುಗಳಲ್ಲಿ ಮರಗಳನ್ನು ಬೆಂಕಿಕಡ್ಡಿಯ ಹಾಗೆ ಚೆಲ್ಲಿತ್ತು. ಈ ಸಲ ಅಷ್ಟಿಲ್ಲ. ಆದರೂ ಮೊದಲ ಇನ್ನೂರು ಹೆಜ್ಜೆಯಲ್ಲೇ ಏಳು ಮರ ಅಡ್ಡ ಬಿದ್ದಿದ್ದವು.

ಗರಗಸದವರು ಮುಂದೆ ಹೋದರು. ಬಿದ್ದ ಮರ ಕೊಯ್ಯುವುದೂ ಅಪಾಯದ ಕೆಲಸ. ಬಾಗಿ ಕೂತ ದಿಮ್ಮಿಯ ಒಂದು ಮೈ ಹಿಂಡಿರುತ್ತದೆ, ಇನ್ನೊಂದು ಮೈ ಬಿಲ್ಲಿನ ಹೆದೆಯ ಹಾಗೆ ಸೆಟೆದಿರುತ್ತದೆ. ತಪ್ಪು ಬದಿಗೆ ಹಲ್ಲು ಇಟ್ಟರೆ ಗರಗಸ ಕಚ್ಚಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಮನುಷ್ಯನ ಮೇಲೆ ನೆಗೆಯುತ್ತದೆ. ಅವರಲ್ಲೊಬ್ಬಳು ಹೆಂಗಸು ಒಂದು ಆಲ್ಡರ್ ಮರದ ಸುತ್ತ ಮೂರು ಸಲ ನಡೆದು, ಮೇಲಿನಿಂದ ಮೂರು ಬೆರಳು ಆಳ ಕೊಯ್ದು, ಕೆಳಗಿನಿಂದ ಮುಗಿಸಿದಳು. ಗರಗಸ ಓಡಿದ್ದು ಒಂದೇ ನಿಮಿಷ. ನೋಡಿದ್ದಕ್ಕೆ ಐದು ನಿಮಿಷ ಹಿಡಿದಿತ್ತು. ಕೊಯ್ದಾಗ ಬೆಳ್ಳಗಿದ್ದ ತಿರುಳು, ನಾವು ತುಂಡು ಉರುಳಿಸಿ ತಿರುಗಿ ಬರುವ ಹೊತ್ತಿಗೆ ಎಲೆಅಡಿಕೆ ಹಾಕಿದ ಬಾಯಿಯ ಹಾಗೆ ಕೆಂಪಡರಿತ್ತು. ಕೆಂಪು ಆಲ್ಡರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆದರೆ ಮರ ತೆಗೆದ ಮಾತ್ರಕ್ಕೆ ದಾರಿ ತೆರೆಯಿತು ಅಂತ ನಾನು ತಿಳಿದದ್ದು ತಪ್ಪು. "ಅದು ಬಾಗಿಲು ತೆಗೆದಷ್ಟೇ ದೊಡ್ಡಮ್ಮ. ಕೆಲಸ ಈಗ ಶುರು," ಅಂದ ಹುಡುಗ.

ಬೈಕಿನ ಟೈರಿಗೆ ಹಲ್ಲುಗಳಿರುತ್ತವೆ. ಏರಿನಲ್ಲಿ ಅದು ಮಣ್ಣು ಕೆದರುತ್ತದೆ, ತಿರುವಿಗೆ ಮುಂಚೆ ಬ್ರೇಕು ಹಾಕಿದಲ್ಲಿ ಉಬ್ಬು ತಗ್ಗು ಮಾಡುತ್ತದೆ. ಕೆದರಿದ ಮಣ್ಣು ಹೊರಅಂಚಿಗೆ ಸರಿದು ದಿಂಡಾಗುತ್ತದೆ. ದಾರಿ ಮೊರದ ಹಾಗಿದ್ದದ್ದು ದೋಣಿಯ ಹಾಗಾಗುತ್ತದೆ. ಇನ್ನು ಬಿದ್ದ ಮಳೆಗೆ ಹೊರಗೆ ಹೋಗಲು ಎಡೆಯಿಲ್ಲ, ದಾರಿಗುಂಟವೇ ಇಳಿಯಬೇಕು. ಇಳಿಯುತ್ತಾ ವೇಗ, ವೇಗಕ್ಕೆ ಕೊರೆತ. ಒಂದು ಮಳೆಗಾಲ ಹಾಗೇ ಬಿಟ್ಟರೆ ಮೊಣಕಾಲುದ್ದ ಕಾಲುವೆ. ಆ ಮಣ್ಣೆಲ್ಲ ಹೋಗುವುದು ಕೆಳಗಿನ ತೊರೆಗೆ, ತೊರೆಯಿಂದ ವಿಲ್ಸನ್ ನದಿಗೆ. ಆ ನದಿಯಲ್ಲಿ ಸಾಲ್ಮನ್, ಸ್ಟೀಲ್‌ಹೆಡ್ ಮೀನುಗಳು ಸಮುದ್ರದಿಂದ ಹತ್ತಿ ಬಂದು ಜಲ್ಲಿಕಲ್ಲಿನ ಸಂದಿಯಲ್ಲಿ ಮೊಟ್ಟೆ ಇಡುತ್ತವೆ. ಸಂದಿಯಲ್ಲಿ ಹೂಳು ಕೂತರೆ ಮೊಟ್ಟೆಗೆ ಉಸಿರಿಲ್ಲ. ದಾರಿ ಕೆಟ್ಟಿತು ಅಂದರೆ ಮೀನು ಕೆಟ್ಟಿತು. ಮೀನು ಕೆಟ್ಟಿತು ಅಂದರೆ ದಾರಿಗೆ ಮತ್ತೆ ಬೀಗ.

ಮದ್ದು ಸರಳ, ಮೈ ಮುರಿಯುವಂಥದ್ದು. ಹೊರಅಂಚಿನ ದಿಂಡು ಒಡೆಯಬೇಕು. ದಾರಿ ಹೊರಕ್ಕೆ ತುಸು ವಾಲುವ ಹಾಗೆ ಕೆತ್ತಬೇಕು. ಅಲ್ಲಲ್ಲಿ 'ರೋಲಿಂಗ್ ಡಿಪ್' ಹಾಕಬೇಕು. ಅಂದರೆ ಇಳಿಜಾರಿನ ನಡುವೆ ಒಂದು ಉದ್ದನೆಯ ತಗ್ಗು, ಅದರಾಚೆ ಮೆತ್ತಗಿನ ಉಬ್ಬು. ಇಳಿದು ಬಂದ ನೀರು ಉಬ್ಬಿಗೆ ತಡೆದು, ತಗ್ಗಿನಲ್ಲಿ ಓರೆಯಾಗಿ ಕಾಡಿಗೆ ಹೋಗಬೇಕು. ನಡೆಯುವವರ ಹಾದಿಗೆ ಅಡ್ಡ ಒಂದು ದಿಮ್ಮಿ ಹುಗಿದರೂ ನಡೆಯುತ್ತದೆ. ಬೈಕಿನ ಹಾದಿಗೆ ಅದು ಆಗದು. ಒದ್ದೆ ದಿಮ್ಮಿಯ ಮೇಲೆ ಟೈರು ಜಾರುತ್ತದೆ, ಅದರ ಹಿಂದಿನ ಮಣ್ಣು ಕೆದರಿ ಗುಂಡಿ ಬೀಳುತ್ತದೆ. ಅದಕ್ಕೇ ಮಣ್ಣಿನಲ್ಲೇ ಅಲೆ ಎಬ್ಬಿಸುವ ಉಪಾಯ. ಬೈಕಿನವನಿಗೆ ಅದು ಅಡ್ಡಿಯಲ್ಲ, ಮಜಾ.

ನಮ್ಮ ಅಡಿಕೆ ತೋಟದಲ್ಲಿ ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸುವಾಗ ಅಜ್ಜ ಹೇಳುತ್ತಿದ್ದ: ನೀರಿಗೆ ನೀನು ದಾರಿ ಮಾಡಿಕೊಡದಿದ್ದರೆ ಅದೇ ಮಾಡಿಕೊಳ್ಳುತ್ತೆ, ಆಮೇಲೆ ನಿನ್ನ ಕೇಳಲ್ಲ. ಒಂಬತ್ತು ಸಾವಿರ ಮೈಲಿ ದಾಟಿ ಬಂದು ಅದೇ ಪಾಠ.

ನನಗೂ ಹುಡುಗನಿಗೂ ಒಂದು ಡಿಪ್ ಪಾಲಿಗೆ ಬಂತು. ಅವನು ಪುಲಾಸ್ಕಿಯಿಂದ ಅಗೆದ, ಬೇರು ಕಡಿದ. ನಾನು ಮೆಕ್‌ಲೌಡಿನ ಹಲ್ಲಿನಿಂದ ಕಲ್ಲು ಎಳೆದು, ಎಲೆಯಿಂದ ಮಣ್ಣು ಉಬ್ಬಿಗೆ ಏರಿಸಿ, ಅದನ್ನೇ ನೆಟ್ಟಗೆ ಹಿಡಿದು ದಮಾಸು ಮಾಡಿದೆ. ಮೇಲ್ಪದರದ ಕರಿಮಣ್ಣು, ಎಲೆಗೊಬ್ಬರ ಬೇಡ, ಅದು ಕುಸಿಯುತ್ತದೆ. ಕೆಳಗಿನ ಕೆಂಗಂದು ಮಣ್ಣೇ ಬೇಕು. ಒಂದೂವರೆ ಗಂಟೆ ಆಯಿತು. ಬೆನ್ನು ನೆಟ್ಟಗಾಗಲಿಲ್ಲ. ಇಲಾಖೆಯ ಹುಡುಗಿ ಬಂದು ನೋಡಿ, ನೀರು ಹೊರಹೋಗುವ ಬಾಯಿ ಸಾಲದು, ಇನ್ನೂ ಅಗಲ ಮಾಡಿ ಅಂದಳು. ಕಿರಿದಾದರೆ ಒಂದು ತಿಂಗಳಲ್ಲಿ ತರಗು ತುಂಬಿ ಕಟ್ಟಿಕೊಳ್ಳುತ್ತದೆ. ಮತ್ತೆ ಅರ್ಧ ಗಂಟೆ.

ಸೋನೆ ಅಷ್ಟು ಹೊತ್ತಿಗೆ ತುಸು ಬಲಿತಿತ್ತು. ಮೇಲಿನಿಂದ ಒಂದು ಎಳೆ ನೀರು ಕಂದು ಬಣ್ಣದಲ್ಲಿ ಇಳಿದು ಬಂತು. ಅದರ ತುದಿಯಲ್ಲಿ ನಾಲ್ಕಾರು ಫರ್ ಎಲೆಗಳು ಸಿಕ್ಕಿಕೊಂಡು ತೆಪ್ಪದ ಹಾಗೆ ತೇಲುತ್ತಿದ್ದವು. ಉಬ್ಬಿನ ಬುಡಕ್ಕೆ ಬಂದು ತೆಪ್ಪ ನಿಂತಿತು. ಎಡಕ್ಕೆ ತಿರುಗಲೋ ಬಲಕ್ಕೋ ಎಂಬಂತೆ ಒಂದು ಸುತ್ತು ಸುತ್ತಿತು. ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಎಡಕ್ಕೆ ಹೊರಳಿ, ಬಾಯಿ ದಾಟಿ, ಜರಿಗಿಡಗಳ ನಡುವೆ ಇಳಿದು ಕಾಣದಾಯಿತು. ಹುಡುಗ ಪುಲಾಸ್ಕಿ ಎತ್ತಿ ಕುಣಿದ.

ಕೊಯ್ಯೋಕೇ ನೆಟ್ಟದ್ದು

ಊಟಕ್ಕೆ ಕೊಯ್ಲಾದ ಬಯಲಿನ ಅಂಚಿನಲ್ಲಿ ದಿಮ್ಮಿಯ ಮೇಲೆ ಕೂತೆವು. ತಂಗಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಗೆ ಮಳೆ ಬಿದ್ದು ಅದು ಗಂಜಿಯ ಕಡೆ ವಾಲಿತ್ತು. ಎದುರಿನ ಗುಡ್ಡ ಬೋಳು; ಬೊಡ್ಡೆಗಳ ನಡುವೆ ಆಗಲೇ ಹೊಸ ಸಸಿ ನೆಟ್ಟಿದ್ದರು, ಗೇಣುದ್ದ. ಪಕ್ಕದಲ್ಲಿ ಎಂಬತ್ತರ ಹತ್ತಿರದ ಒಬ್ಬರು ಕೂತಿದ್ದರು. ಬೈಕು ಬಿಟ್ಟು ಹತ್ತು ವರ್ಷವಾಯಿತಂತೆ, ಗುದ್ದಲಿ ಬಿಟ್ಟಿಲ್ಲ. ಚಿಕ್ಕವರಿದ್ದಾಗ ಶಾಲೆಯ ಬಸ್ಸಿನಲ್ಲಿ ಈ ಬೆಟ್ಟಗಳಿಗೆ ಬಂದು ಸಸಿ ನೆಟ್ಟದ್ದುಂಟು ಅಂದರು. ಮಸಿ ಮೆತ್ತಿದ ಬಟ್ಟೆಗೆ ಮನೆಯಲ್ಲಿ ಬೈಗಳು ತಿಂದದ್ದೇ ಅವರಿಗೆ ಹೆಚ್ಚು ನೆನಪು.

ನೆಟ್ಟ ಕಾಡನ್ನು ಹೀಗೆ ಬೋಳಿಸಿದ್ದು ನೋಡಿ ಹೊಟ್ಟೆ ಉರಿಯುವುದಿಲ್ಲವೇ ಅಂತ ಕೇಳಿದೆ. ನಾನೇ ಕಣ್ಣೀರಿಗೆ ಸಿದ್ಧವಾಗಿದ್ದೆ ಅಂತ ಕಾಣುತ್ತದೆ. ಅವರು ಸ್ಯಾಂಡ್‌ವಿಚ್ ಅಗಿಯುತ್ತಲೇ, ಕೊಯ್ಯೋಕೇ ಅಲ್ಲವೇ ನೆಟ್ಟದ್ದು ಅಂದರು. ಮತ್ತೆ ನೆಟ್ಟಿದ್ದಾರೆ ನೋಡಿ, ಅಷ್ಟು ಸಾಕು.

ಹಾಗಂತ ಎಲ್ಲರಿಗೂ ಸಾಕಾಗುವುದಿಲ್ಲ. ಕೊಯ್ಲು ಹೆಚ್ಚಾಯಿತು ಅನ್ನುವವರಿದ್ದಾರೆ, ಕಡಿಮೆಯಾಯಿತು ಅನ್ನುವವರಿದ್ದಾರೆ. ಕಾಡಿನಲ್ಲಿ ಎಂಜಿನ್ನಿಗೇ ಜಾಗ ಬೇಡ ಅನ್ನುವವರೂ ಇದ್ದಾರೆ. ಆ ಕೊನೆಯ ಮಾತಿಗೆ ನನ್ನೊಳಗೂ ಅರ್ಧ ಒಪ್ಪಿಗೆ ಇತ್ತು. ನಮ್ಮ ಘಟ್ಟದ ಹುಲ್ಲುಗಾವಲಿಗೆ ಜೀಪು ಹತ್ತಿಸಿ, ಕೆಸರು ಎರಚಿ, ಫೋಟೊ ತೆಗೆದುಕೊಂಡು ಇಳಿಯುವವರನ್ನು ಕಂಡು ಸಿಟ್ಟಾದವಳು ನಾನು. ಆ ಚಕ್ರದ ಗುರುತು ಮುಂದಿನ ಮುಂಗಾರಿಗೆ ಕೊರಕಲಾಗುವುದನ್ನೂ ನೋಡಿದ್ದೇನೆ. ಇಲ್ಲಿಯ ಚಕ್ರವೇನು ಹೂವಿನದಲ್ಲ, ಇದೂ ಕೊರೆಯುತ್ತದೆ. ಕೊರೆದವರೇ ತಿರುಗಿ ಬಂದು ಮುಚ್ಚುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ. ಮಲೆನಾಡಿನಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ: ಮುಯ್ಯಾಳು. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಇಲ್ಲಿ ಮುಯ್ಯಿ ತೀರಿಸಬೇಕಾದದ್ದು ಗುಡ್ಡಕ್ಕೆ.

ಈ ಮುಯ್ಯಿಗೆ ಲೆಕ್ಕವೂ ಇದೆ. ಒರೆಗಾನ್‌ನಲ್ಲಿ ಎಟಿವಿ, ಡರ್ಟ್ ಬೈಕು ಓಡಿಸುವವರು ಪರವಾನಗಿಯ ಚೀಟಿ ಕೊಳ್ಳಬೇಕು. ಆ ದುಡ್ಡು, ಮತ್ತು ಇಂಥ ವಾಹನಗಳು ಸುಡುವ ಪೆಟ್ರೋಲಿನ ತೆರಿಗೆಯ ಪಾಲು, ಒಂದು ನಿಧಿಗೆ ಹೋಗುತ್ತದೆ. ದಾರಿ ರಿಪೇರಿ, ಸೇತುವೆ, ಕಾವಲು, ತುರ್ತು ಚಿಕಿತ್ಸೆಗೆ ಅದರಿಂದ ಅನುದಾನ ಸಿಗುತ್ತದೆ. ಆದರೆ ಅನುದಾನ ಕೇಳುವವರು ತಮ್ಮ ಪಾಲೂ ಹಾಕಬೇಕು, ಆ ಪಾಲಿನಲ್ಲಿ ಸ್ವಯಂಸೇವಕರ ದುಡಿಮೆಯ ಗಂಟೆಗಳನ್ನು ಹಣದ ಲೆಕ್ಕಕ್ಕೆ ಹಿಡಿಯಬಹುದು. ಬೆಳಿಗ್ಗೆ ಸಹಿ ಹಾಕಿದ ಆ ಒದ್ದೆ ಹಾಳೆಯ ಮಹಿಮೆ ಆಗ ತಿಳಿಯಿತು. ನನ್ನ ಬೆನ್ನುನೋವೂ ಸರ್ಕಾರಿ ಲೆಕ್ಕಕ್ಕೆ ಜಮೆ.

ಹೋಗುವವರಿಗೆ

ಪೋರ್ಟ್‌ಲೆಂಡ್ ಕಡೆಯಿಂದ ಬಂದರೆ ಘಟ್ಟದ ನೆತ್ತಿಯ ಆಸುಪಾಸಿನಲ್ಲೇ ಬ್ರೌನ್ಸ್ ಕ್ಯಾಂಪ್, ರೋಜರ್ಸ್ ಕ್ಯಾಂಪಿನ ಕಡೆಗೆ ತಿರುವು ಸಿಗುತ್ತದೆ. ಜೀಪು, ಎಟಿವಿಯವರಿಗೆ ಇಲ್ಲಿ ಒಳ್ಳೆಯ ಜಾಗ. ಇಕ್ಕಟ್ಟಿನ, ಕಡಿದಾದ ಬೈಕು ದಾರಿ ಬೇಕಾದವರು ಪಶ್ಚಿಮಕ್ಕೆ ಜೋರ್ಡನ್ ಕ್ರೀಕಿಗೆ ಹೋಗುತ್ತಾರೆ. ಪರವಾನಗಿಯ ಚೀಟಿ, ಸುರಕ್ಷತಾ ಕಾರ್ಡ್ ಇಲ್ಲದೆ ಹೊರಡಬೇಡಿ. ನಾಲ್ಕು ಚಕ್ರದ ಎಟಿವಿ ಓಡಿಸುವ ಹದಿನಾರು ತುಂಬದ ಮಕ್ಕಳಿಗೆ ವಾಹನದ ಮೇಲೆ ಕೂರಿಸಿ ಕಲಿಸುವ ತರಬೇತಿಯೂ ಆಗಿರಬೇಕು. ಸೈಲೆನ್ಸರಿನ ಸದ್ದಿಗೆ ಮಿತಿ ಇದೆ, ಕಿಡಿ ತಡೆಯುವ ಜಾಲರಿ ಕಡ್ಡಾಯ. ಈ ಬೆಟ್ಟದ ಚರಿತ್ರೆ ಓದಿದವರಿಗೆ ಕಿಡಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಬೈಕಿನ ಹಂಗಿಲ್ಲದವರು ಇದೇ ಹೆದ್ದಾರಿಯಲ್ಲಿ, 2006ರಲ್ಲಿ ತೆರೆದ ಟಿಲ್ಲಮೂಕ್ ಫಾರೆಸ್ಟ್ ಸೆಂಟರಿನಲ್ಲಿ ಇಳಿಯಿರಿ. ಬೆಂಕಿ ಕಾಯುವವರ ಅಟ್ಟಣೆಯ ಮಾದರಿ, ವಿಲ್ಸನ್ ನದಿಯ ಮೇಲಿನ ತೂಗುಸೇತುವೆ ಎರಡನ್ನೂ ಹತ್ತಬಹುದು. ಸುಟ್ಟ ಕಾಲದ ಕತೆಯೆಲ್ಲ ಅಲ್ಲಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕೆಲಸ ನಿಲ್ಲಿಸಿದೆವು. ದಿಮ್ಮಿ ಸರಿಸಿ ಫಲಕ ಕೀಳುತ್ತಾರೆ, ಹುಡುಗರು ಕೇಕೆ ಹಾಕುತ್ತಾರೆ ಅಂತ ಕಾದೆ. ಇಲಾಖೆಯ ಹುಡುಗಿ ಫಲಕವನ್ನು ಇದ್ದಲ್ಲೇ ನೆಟ್ಟಗೆ ಮಾಡಿ ನಡೆದಳು. ಹೊಸ ಮಣ್ಣು ಕೂರಬೇಕು, ಎರಡು ಮೂರು ವಾರ ಯಾರೂ ಹತ್ತುವಂತಿಲ್ಲ. ದಾರಿ ಮಾಡಿದವರೂ ಸೇರಿ. ಯಾರೂ ಗೊಣಗಲಿಲ್ಲ. ಹಾಳೆಯಲ್ಲಿ ಹೋಗುವ ಹೊತ್ತು ಬರೆದೆ. ಒಟ್ಟು ಆರೂವರೆ ಗಂಟೆಯ ದುಡಿಮೆ.

ಊರಿಗೆ ಮರಳಿದ ಮೇಲೆ, ಏಪ್ರಿಲ್ ಕೊನೆಯಲ್ಲಿ, ಹುಡುಗ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಕಳಿಸಿದ. ಬೈಕಿನದಿರಬೇಕು ಅಂತ ದೊಡ್ಡದು ಮಾಡಿ ನೋಡಿದೆ. ಬೈಕಿಲ್ಲ. ಒದ್ದೆ ಮಣ್ಣಿನ ಒಂದು ಉಬ್ಬು, ಅದರ ಮೇಲೆ ಹಾದ ಟೈರಿನ ಹಲ್ಲಿನ ಗುರುತು, ಉಬ್ಬಿನ ಬುಡದಲ್ಲಿ ಎಡಕ್ಕೆ ಹೊರಳಿದ ಒಂದು ಎಳೆ ನೀರು. ಕೆಳಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದಿದ್ದ: ನಿಮ್ಮ ಡಿಪ್ ನಿಂತಿದೆ ದೊಡ್ಡಮ್ಮ. ಬಾಯಿಗೆ ತರಗು ಕಟ್ಟಿತ್ತು, ತೆಗೆದೆ.